ಕಟ್ಟಿದವರು ಅಡಿಯಲ್ಲಿ ನಿಲ್ಲಬೇಕು

ಬೇರೆಯವರ ಮನೆಯಲ್ಲಿ ಎಂತಾದರೂ ತಮಾಷೆ ಆಗಬೇಕಾದರೆ ನೆಂಟರು ಬರಬೇಕು, ಇಲ್ಲದಿದ್ದರೆ ಕರೆಂಟ್ ಹೋಗಬೇಕು. ನಮ್ಮಲ್ಲಿ ಅದೆಲ್ಲ ಬೇಡ. ಅಜ್ಜ ಬೆಳಿಗ್ಗೆ ಎದ್ದು, ಮೀಸೆ ಬಾಚಿಕೊಂಡು, ಜಗಲಿಗೆ ಬಂದು ಕೂತರೆ ಸಾಕು. ಮಧ್ಯಾಹ್ನದ ಊಟದೊಳಗೆ ಒಂದು ಆಗಿಯೇ ಆಗ್ತದೆ.

ನಾನು ಇದನ್ನೆಲ್ಲ ಇಷ್ಟರವರೆಗೆ ಯಾರಿಗೂ ಹೇಳಿದ್ದಿಲ್ಲ. ನನಗೆ ಮಾತಾಡುದಕ್ಕಿಂತ ಓದುದು ಸುಲಭ. ಆದರೆ ಮೊನ್ನೆ ಸಂಕದ, ಅಂದರೆ ಸಣ್ಣ ಸೇತುವೆಯ ಹತ್ತಿರ ಆದದ್ದನ್ನು ಕಾಪು ಪೇಟೆಯ ಸೆಲೂನಿನಲ್ಲಿ ಒಂದು ರೀತಿ ಹೇಳ್ತಾರೆ, ಮೀನು ಮಾರ್ಕೆಟಿನಲ್ಲಿ ಇನ್ನೊಂದು ರೀತಿ. ಎರಡೂ ತಪ್ಪು. ನಾನು ಅಲ್ಲೇ ಇದ್ದೆ. ಹಾಗಾಗಿ ಹೇಳ್ತೇನೆ.

ಅಜ್ಜ ಮೊದಲು ಮಿಲಿಟರಿಯಲ್ಲಿ ಇಂಜಿನಿಯರ್. ಎಪ್ಪತ್ತೊಂದರ ಯುದ್ಧಕ್ಕೆ ಹೋದವರು. ಅಲ್ಲಿಂದ ಬಂದ ಮೇಲೆ ಕಾರ್ಕಳ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರಿಟೈರ್ ಆಗುವವರೆಗೆ ಪ್ರೊಫೆಸರ್. ಮಿಲಿಟರಿಯಲ್ಲಿ ಅವರ ಮೇಲಿನ ಸಾಹೇಬರು ಒಬ್ಬರು ಸರ್ದಾರ್ಜಿ, ಅವರು ಒಂದು ರೂಲ್ ಕಲಿಸಿದ್ದಂತೆ: ಸೇತುವೆ ಕಟ್ಟಿದ ಆಫೀಸರ್, ಮೊದಲ ಗಾಡಿ ದಾಟುವಾಗ ಅದರ ಅಡಿಯಲ್ಲಿ ನಿಲ್ಲಬೇಕು. ಬಿದ್ದರೆ ಮೊದಲು ಅವನ ತಲೆಗೇ ಬೀಳಲಿ ಅಂತ. ಅಜ್ಜ ಮಿಲಿಟರಿ ಬಿಟ್ಟರು, ಕಾಲೇಜು ಬಿಟ್ಟರು, ಸಕ್ಕರೆ ಕೂಡ ಬಿಟ್ಟರು. ಈ ರೂಲ್ ಮಾತ್ರ ಬಿಡಲಿಲ್ಲ.

ಈ ವರ್ಷ ಅಜ್ಜ ನಮ್ಮ ಮನೆ ಹಿಂದಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಒಂದು ಸಂಕ ಕಟ್ಟಿಸಿದರು. ಅಂದ ಮೇಲೆ ಅಡಿಯಲ್ಲಿ ನಿಲ್ಲಬೇಕಾದದ್ದು ಅವರೇ. ಪ್ರಾಯ ಎಪ್ಪತ್ತೆಂಟು. ಒಂದು ಮೊಣಕಾಲು ಡಾಕ್ಟರು ಹಾಕಿಕೊಟ್ಟದ್ದು. ತೋಡಿನಲ್ಲಿ ಕಾಲಿಟ್ಟರೆ ಜಾರುವ ಪಾಚಿ. ಅಜ್ಜ ಇಳಿಯದೆ ಬಿಡುವ ಜನ ಅಲ್ಲ, ಅಜ್ಜಿ ಇಳಿಯಲಿಕ್ಕೆ ಬಿಡುವ ಜನ ಅಲ್ಲ. ಇಬ್ಬರಲ್ಲಿ ಯಾರು ಗೆದ್ದರು ಅಂತ ಹೇಳುವ ಮೊದಲು ಆ ರೂಲ್ ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತಾಗಬೇಕು.

ಶಾಲು, ಹಾರ, ಟ್ಯಾಂಕ್

ಉಡುಪಿಯಲ್ಲಿ ಒಂದು ಸಂಘದವರು ಮಾಜಿ ಸೈನಿಕರಿಗೆ ಸನ್ಮಾನ ಇಟ್ಟಿದ್ದರು. ಅಜ್ಜನಿಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದರು. ನಿರೂಪಣೆ ಮಾಡುವವರಿಗೆ ಅಷ್ಟು ಸಾಕಾಗಲಿಲ್ಲ. ಮೈಕ್ ಹಿಡಿದು, "ಸರ್, ನಿಮ್ಮ ಯುದ್ಧ ಜೀವನದ ಒಂದು ಮೈನವಿರೇಳಿಸುವ ಕ್ಷಣವನ್ನು ನಮ್ಮೊಂದಿಗೆ ಹಂಚಿಕೊಳ್ಳಬೇಕು" ಅಂದರು.

ಅಜ್ಜ ಎದ್ದು ನಿಂತರು. ಎದುರು ಸಾಲಿನಲ್ಲಿ ಕೂತಿದ್ದ ಅಜ್ಜಿ, ಚಿಕ್ಕದು ಮಾಡಿ ಅಂತ ಕೈಯಲ್ಲೇ ತೋರಿಸಿದರು.

"ಒಂದು ಕಾಲುವೆಗೆ ಸೇತುವೆ ಹಾಕಿದೆವು" ಅಂದರು ಅಜ್ಜ. "ನಾನು ಅಡಿಯಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತೆ. ಮೊದಲನೆಯ ಟ್ಯಾಂಕ್ ಬಂತು. ಸರಿಯಾಗಿ ನನ್ನ ತಲೆ ಮೇಲೆ ಬಂದು ನಿಂತಿತು."

ಎದುರು ಸಾಲಿನವರು ಕುರ್ಚಿಯ ತುದಿಗೆ ಬಂದರು.

"ಡ್ರೈವರ್ ಪಂಜಾಬಿನ ಹುಡುಗ. ಮೇಲಿಂದ ತಲೆ ಹೊರಗೆ ಹಾಕಿ ಕೇಳಿದ, ಸಾಬ್, ಸೇತುವೆ ಗಟ್ಟಿ ಉಂಟಲ್ಲ ಅಂತ. ಅದು ಕೇಳುವ ಹೊತ್ತಾ ಅದು! ನನಗೆ ಹಿಂದಿ ಹೋಯಿತು, ಇಂಗ್ಲಿಷ್ ಹೋಯಿತು. ಬಾಯಿಗೆ ಬಂದದ್ದು ಒಂದೇ: ದುಂಬು ಪೋಲ ಮಾರಾಯಾ!"

ಮುಂದೆ ಹೋಗು ಮಾರಾಯಾ ಅಂತ ತುಳುವಿನಲ್ಲಿ. ಪಂಜಾಬಿನ ಹುಡುಗನಿಗೆ ಎಲ್ಲಿಯ ತುಳು? ಆದರೆ ಟ್ಯಾಂಕ್ ಹೋಯಿತಂತೆ. ಸಭೆ ಬಿದ್ದು ಬಿದ್ದು ನಕ್ಕಿತು. ಅಜ್ಜ ಕೂತರು.

ಊಟದ ಹೊತ್ತಿಗೆ ಹೆಜಮಾಡಿಯ ಒಬ್ಬರು ಮಾಜಿ ಹವಾಲ್ದಾರ್ ನನ್ನ ಹತ್ತಿರ ಬಂದರು. ಅಜ್ಜನ ಜೊತೆ ಅದೇ ಕಾಲುವೆಯಲ್ಲಿ ಇದ್ದವರು. ಮೆಲ್ಲ ಹೇಳಿದರು, "ಮಗಾ, ನಿನ್ನ ಅಜ್ಜ ಅರ್ಧ ಮಾತ್ರ ಹೇಳುದು. ಆ ಹೊತ್ತಿಗೆ ಸುತ್ತ ಶೆಲ್ ಬೀಳ್ತಾ ಇತ್ತು. ಒಂದು ಟ್ಯಾಂಕ್ ದಾಟಿದ ಕೂಡಲೇ ಮೇಲೆ ಬರಬಹುದಿತ್ತು. ಬರಲಿಲ್ಲ. ಕೊನೆಯ ಗಾಡಿ ದಾಟುವವರೆಗೆ ನೀರಿನಲ್ಲೇ ನಿಂತಿದ್ದರು."

ಬಸ್ಸಿನಲ್ಲಿ ಬರುವಾಗ ಧೈರ್ಯ ಮಾಡಿ ಕೇಳಿದೆ. "ಅಜ್ಜ, ನೀವು ಕೊನೆಯವರೆಗೂ ಅಲ್ಲೇ ನಿಂತಿದ್ದಿರಂತೆ, ಹೌದಾ?"

ಅಜ್ಜ ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ಸುಲಿಯುತ್ತಾ ಹೇಳಿದರು, "ಎಂತ ಮಾಡುದು ಮಗಾ, ಮೇಲೆ ಬರುವ ದಾರಿಯಲ್ಲಿ ಟ್ಯಾಂಕಿನ ಸಾಲು. ಟ್ರಾಫಿಕ್ ಜಾಮ್."

ಮೊಬೈಲಿನ ಪರೀಕ್ಷೆ

ಕಾಲೇಜಿನಲ್ಲಿ ಅಜ್ಜ ಮಕ್ಕಳ ಹತ್ತಿರ ಬಿದಿರು ಕಡ್ಡಿಯ ಸೇತುವೆ ಮಾಡಿಸುತ್ತಿದ್ದರು. ಎರಡು ಬೆಂಚಿನ ನಡುವೆ ಇಟ್ಟು, ಮೇಲೆ ಒಂದೊಂದೇ ಇಟ್ಟಿಗೆ ಹೇರುದು. ವಿದ್ಯಾರ್ಥಿಯನ್ನು ಬೆಂಚಿನ ಅಡಿಯಲ್ಲಿ ಮಲಗಿಸಲಿಕ್ಕೆ ಪ್ರಿನ್ಸಿಪಾಲರು ಒಪ್ಪಲಿಲ್ಲ. ಹಾಗಾಗಿ ಅಜ್ಜ ರೂಲನ್ನು ಸ್ವಲ್ಪ ಬಗ್ಗಿಸಿದರು. ಕಟ್ಟಿದವರ ಮೊಬೈಲ್ ಅಡಿಯಲ್ಲಿ ಇರಬೇಕು.

ಆಗ ಮೊಬೈಲ್ ಅಂದರೆ ಮಕ್ಕಳಿಗೆ ಜೀವ. ಆ ವರ್ಷದಿಂದ ಲ್ಯಾಬಿನಲ್ಲಿ ಸೇತುವೆ ಮುರಿಯುದು ನಿಂತೇ ಹೋಯಿತಂತೆ. ಕೆಲವರ ಸೇತುವೆ ಎಷ್ಟು ಗಟ್ಟಿ ಅಂದರೆ ಇಟ್ಟಿಗೆ ಮುಗಿದು, ಪಕ್ಕದ ಲ್ಯಾಬಿನಿಂದ ಸಾಲ ತರಬೇಕಾಯಿತು.

ಒಬ್ಬ ಹುಡುಗ ಮಾತ್ರ ಬಹಳ ಧಾರಾಳವಾಗಿ ಮೊಬೈಲ್ ಇಟ್ಟು, ಕೈಕಟ್ಟಿ ನಿಂತ. ಉಳಿದವರೆಲ್ಲ ಬೆವರುತ್ತಿರುವಾಗ ಇವನಿಗೆ ಎಂತ ಇಷ್ಟು ಶಾಂತಿ ಅಂತ ಅಜ್ಜನಿಗೆ ಸಂಶಯ. ತಮ್ಮ ಫೋನ್ ತೆಗೆದು ಅವನ ನಂಬರಿಗೆ ಒತ್ತಿದರು. ಸೇತುವೆ ಅಡಿಯಲ್ಲಿ ನಿಶ್ಶಬ್ದ. ಹುಡುಗನ ಪ್ಯಾಂಟಿನ ಕಿಸೆಯಲ್ಲಿ ಜೋರು ಹಾಡು.

ಅಡಿಯಲ್ಲಿ ಇಟ್ಟದ್ದು ಅವನ ಅಣ್ಣನ ಸತ್ತು ಹೋದ ಮೊಬೈಲ್.

ತಮಾಷೆ ಎಂತ ಅಂದರೆ ಅವನ ಸೇತುವೆ ಬೀಳಲೇ ಇಲ್ಲ. ಕ್ಲಾಸಿನಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. ಅಜ್ಜ ಮಾರ್ಕ್ ಪೂರ್ತಿ ಕೊಟ್ಟು, "ನಿನ್ನ ಸೇತುವೆಗೆ ನಿನಗಿಂತ ಧೈರ್ಯ ಉಂಟು" ಅಂದರಂತೆ.

ಈಗ ಆ ಹುಡುಗ ದೊಡ್ಡ ಇಂಜಿನಿಯರ್. ಎಲ್ಲೆಲ್ಲೋ ಫ್ಲೈಓವರ್ ಕಟ್ಟಿಸುತ್ತಾರೆ. ಒಂದು ಮುಗಿದ ಕೂಡಲೇ ಅಜ್ಜನಿಗೆ ಫೋನ್ ಮಾಡ್ತಾರೆ. ಅಜ್ಜನ ಕಿವಿ ಸ್ವಲ್ಪ ಮಂದ, ಫೋನ್ ಯಾವಾಗಲೂ ಸ್ಪೀಕರಿನಲ್ಲಿ. ಹಾಗಾಗಿ ನಮಗೆಲ್ಲ ಕೇಳ್ತದೆ.

"ಸರ್, ಇವತ್ತು ಮೊದಲ ಲಾರಿ ದಾಟಿತು! ನಾನು ಈಗ ಸೇತುವೆ ಅಡಿಯಲ್ಲೇ ಇದ್ದೇನೆ ಸರ್!"

ಅಜ್ಜ ಪ್ರತಿ ಸಲ ಒಂದೇ ಪ್ರಶ್ನೆ ಕೇಳುದು. "ನೀನಾ, ನಿನ್ನ ಅಣ್ಣನಾ?"

ಫ್ಯಾನಿನ ಅಡಿಯ ಚಾಪೆ

ಮನೆಗೆ ಫ್ಯಾನ್ ಹಾಕಲಿಕ್ಕೆ ಬರುವ ಎಲೆಕ್ಟ್ರಿಷಿಯನ್ ಕಾಪುವಿನವರೇ. ಮೊದಲ ಸಲ ಬಂದಾಗ ಕೆಲಸ ಮುಗಿಸಿ ಹೊರಟರು. ಅಜ್ಜ ಬಾಗಿಲಿನಲ್ಲಿ ಚಾಪೆ ಹಿಡಿದು ನಿಂತಿದ್ದರು.

"ಎಂತ ಪ್ರೊಫೆಸರ್ರೆ?"

"ಅಡಿಯಲ್ಲಿ ಸ್ವಲ್ಪ ಮಲಗಿ. ಫುಲ್ ಸ್ಪೀಡ್ ಇಡ್ತೇನೆ."

ಎಲೆಕ್ಟ್ರಿಷಿಯನ್ನರ ಮುಖ ನೋಡಬೇಕಿತ್ತು. ಪುನಃ ಏಣಿ ಹತ್ತಿದರು. ಎಂತದ್ದೋ ಒಂದು ಬೋಲ್ಟನ್ನು ಚೆನ್ನಾಗಿ ತಿರುಗಿಸಿದರು. ಆಮೇಲೆ ಇಳಿದು ಬಂದು ಮಲಗಿದರು. ಅಜ್ಜ ನನ್ನ ಕಡೆ ನೋಡಿ, "ನೋಡಿದೆಯಾ? ಚಾಪೆ ತೋರಿಸಿದ ಮೇಲೆ ಆ ಬೋಲ್ಟಿಗೆ ಒಂದು ಸುತ್ತು ಜಾಸ್ತಿ ಬಂತು. ಇಂಜಿನಿಯರಿಂಗ್ ಅಂದರೆ ಆ ಸುತ್ತು" ಅಂದರು. ನನಗೆ ಆ ಮಾತು ಬಹಳ ಇಷ್ಟ ಆಯಿತು. ಇವತ್ತಿಗೂ ಪರೀಕ್ಷೆಗೆ ಓದುವಾಗ ನೆನಪಾಗ್ತದೆ.

ಆದರೆ ಎಲೆಕ್ಟ್ರಿಷಿಯನ್ ಕೂಡ ಕಡಿಮೆ ಜನ ಅಲ್ಲ. ಈಗ ನಮ್ಮ ಮನೆ ಕೆಲಸಕ್ಕೆ ಬೆಳಿಗ್ಗೆ ಬರುದೇ ಇಲ್ಲ. ಊಟ ಮುಗಿಸಿ, ಮಧ್ಯಾಹ್ನದ ಬಿಸಿಲಿಗೆ ಬರುದು. ಬರುವಾಗ ಟೂಲ್ ಬ್ಯಾಗಿನ ಜೊತೆ ಒಂದು ತಲೆದಿಂಬು.

ಡಾಕ್ಟರಿಗೆ ನಿದ್ದೆ ಇಲ್ಲ

ಮೊಣಕಾಲಿನ ಆಪರೇಷನ್ ಆದದ್ದು ಮಣಿಪಾಲದಲ್ಲಿ. ಹಿಂದಿನ ದಿನ ಡಾಕ್ಟರ್ ಬಂದು ಅಜ್ಜನಿಗೆ ಧೈರ್ಯ ಹೇಳಿದರು. ಸಪೂರ ಜನ, ಕನ್ನಡಕ, ಬಹಳ ಮೆಲ್ಲ ಮಾತು.

"ಹೆದರಬೇಡಿ ಸರ್. ಎರಡನೇ ದಿನ ನಡೆಸ್ತೇವೆ."

"ಹೆದರಿಕೆ ಇಲ್ಲ ಡಾಕ್ಟ್ರೇ. ನಡೆಯುವಾಗ ನೀವು ಎದುರು ನಿಲ್ಲಬೇಕು, ಅಷ್ಟೇ."

"ಫಿಸಿಯೋಥೆರಪಿಯವರು ಇರ್ತಾರೆ ಸರ್."

"ಅವರು ಕಟ್ಟಿದ್ದಲ್ಲವಲ್ಲ. ಕಟ್ಟಿದ್ದು ನೀವು. ನಾನು ಬಿದ್ದರೆ ನಿಮ್ಮ ಮೇಲೆಯೇ ಬೀಳಬೇಕು."

ಡಾಕ್ಟರ್ ಅಜ್ಜನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಅಜ್ಜ ಆರಡಿ, ಅದಕ್ಕೆ ತಕ್ಕ ಅಗಲ. ಡಾಕ್ಟರ್ ತಮ್ಮನ್ನೂ ಒಮ್ಮೆ ನೋಡಿಕೊಂಡರು. ಅಜ್ಜಿ ನಾಚಿಕೆಯಿಂದ ಸೆರಗು ಬಾಯಿಗೆ ಇಟ್ಟುಕೊಂಡರು.

ಎರಡನೇ ದಿನ ಡಾಕ್ಟರ್ ನಿಜವಾಗಿ ಬಂದು ಎದುರು ನಿಂತರು, ಎರಡೂ ಕೈ ಚಾಚಿಕೊಂಡು. ಅಜ್ಜ ಎದ್ದರು. ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಗೋಡೆಯವರೆಗೆ ಹೋಗಿ, ಮಿಲಿಟರಿಯವರ ಹಾಗೆ ತಿರುಗಿ, ವಾಪಸ್ ಬಂದರು. ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದರು.

"ಒಳ್ಳೆ ಕೆಲಸ ಡಾಕ್ಟ್ರೇ" ಅಂದರು ಅಜ್ಜ. "ರಾತ್ರಿ ನನಗೆ ಒಳ್ಳೆ ನಿದ್ದೆ ಬಂತು."

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನನಗೆ ಇವತ್ತು ಬರ್ತದೆ ಸರ್."

ಹೊರಡುವಾಗ ಅವರು ಅಜ್ಜಿಯನ್ನು ಕರೆದು ಒಂದು ಮಾತು ಹೇಳಿದರು: ಜಾರುವ ಜಾಗಕ್ಕೆ ಮಾತ್ರ ಬಿಡಬೇಡಿ, ಬಿದ್ದರೆ ಪುನಃ ಕಷ್ಟ. ಅಜ್ಜಿ ಅದನ್ನು ದೇವರ ಪ್ರಸಾದದ ಹಾಗೆ ತಲೆಯಲ್ಲಿ ಇಟ್ಟುಕೊಂಡು ಬಂದರು.

ಬಾಯಮ್ಮನ ಮನೆಗೆ ದಾರಿ

ನಮ್ಮ ಹಿಂದಿನ ತೋಡಿನ ಆಚೆಗೆ ಬಾಯಮ್ಮನ ಮನೆ. ಅವರಿಗೆ ಗಂಡ ಇಲ್ಲ. ಮಗಳನ್ನು ಒಬ್ಬರೇ ಸಾಕಿ, ಓದಿಸಿ, ಈ ವರ್ಷ ಮದುವೆ ನಿಶ್ಚಯ ಮಾಡಿದ್ದರು. ಮದುವೆಯ ಹಿಂದಿನ ದಿನ ಮನೆಯಲ್ಲಿ ರೋಸ್. ಅಂದರೆ ಕ್ರಿಶ್ಚಿಯನ್ನರಲ್ಲಿ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ಕ್ರಮ. ಬ್ಯಾಂಡ್, ಹಾಡು, ಊಟ, ಊರಿನವರೆಲ್ಲ ಬರಬೇಕು.

ಆದರೆ ಬರುದು ಹೇಗೆ? ಹಳೆಯ ಸಂಕ ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗಿತ್ತು. ಸುತ್ತು ಹಾಕಿ ಹೋದರೆ ಗದ್ದೆಯ ಕೆಸರು. ವಾರ್ಡಿನ ಮೆಂಬರ್ ಹತ್ತಿರ ಕೇಳಿದರೆ, "ಮುಂದಿನ ಸಲ ನೋಡುವಾ ಬಾಯಮ್ಮ" ಅಂದರು.

"ರೋಸ್ ಮುಂದಿನ ಸಲಕ್ಕೆ ಇಡ್ಲಿಕ್ಕೆ ಆಗ್ತದಾ ಪ್ರೊಫೆಸರ್ರೆ?" ಅಂತ ಬಾಯಮ್ಮ ನಮ್ಮ ಜಗಲಿಯಲ್ಲಿ ಕೂತು ಕಣ್ಣು ಒರೆಸಿಕೊಂಡರು. "ಹುಡುಗನ ಕಡೆಯವರು ಎಂತ ಹೇಳಿಯಾರು? ದಾರಿ ಇಲ್ಲದ ಮನೆಯಿಂದ ಹೆಣ್ಣು ತಂದೆವು ಅಂತ."

ಅಜ್ಜ ಎದ್ದು ಕೋಲು ತೆಗೆದುಕೊಂಡು ತೋಡಿನ ದಡಕ್ಕೆ ಹೋದರು. ಬಹಳ ಹೊತ್ತು ನೋಡಿದರು. ವಾಪಸ್ ಬರುವಾಗ ಅವರ ಮುಖದಲ್ಲಿ ಪ್ರಾಯವೇ ಕಾಣ್ತಿರಲಿಲ್ಲ.

ಹಳೆಯ ಮೀನಿನ ಐಸ್ ಫ್ಯಾಕ್ಟರಿಯೊಂದನ್ನು ಒಡೆದ ಕಡೆಯಿಂದ ಎರಡು ಉದ್ದದ ಕಬ್ಬಿಣದ ಗರ್ಡರ್ ಬಂತು. ದಡಕ್ಕೆ ಕೆಂಪು ಕಲ್ಲು ಕಟ್ಟಿಸಿದರು. ವೆಲ್ಡರ್ ಬಂದರು, ಮೇಲೆ ಹಾಸಲಿಕ್ಕೆ ಹಲಗೆ ಬಂತು. ವಿಷಯ ಕೇಳಿ ಮೆಂಬರ್ ಕೂಡ ಮರಳು ಕಳಿಸಿದರು. ಅಜ್ಜಿ ಎಲ್ಲರಿಗೂ ಚಾ, ಅವಲಕ್ಕಿ. ಅಜ್ಜ ದಡದಲ್ಲಿ ಕುರ್ಚಿ ಹಾಕಿ ಕೂತು ಒಂದೊಂದು ಬೋಲ್ಟಿಗೂ ಅದರ ತಂದೆಯ ಹಾಗೆ ಬುದ್ಧಿ ಹೇಳಿದರು.

ರೋಸಿನ ಹಿಂದಿನ ಸಂಜೆ ಸಂಕ ಮುಗಿಯಿತು. ಬಾಯಮ್ಮ ದಾಟಲಿಕ್ಕೆ ಕಾಲು ಎತ್ತಿದರು.

"ನಿಲ್ಲಿ!" ಅಂದರು ಅಜ್ಜ. "ಪರೀಕ್ಷೆ ಆಗದೆ ಯಾರೂ ಹತ್ತುವ ಹಾಗಿಲ್ಲ. ನಾಳೆ ಬೆಳಿಗ್ಗೆ ಬ್ಯಾಂಡಿನವರು ಡ್ರಮ್ಮಿನ ಜೊತೆ ಬರ್ತಾರಲ್ಲ, ಅಡುಗೆಯವರು ಹಂಡೆಗಳ ಜೊತೆ. ಅವರೆಲ್ಲ ಒಟ್ಟಿಗೆ ದಾಟಬೇಕು. ನಾನು ಅಡಿಯಲ್ಲಿ ನಿಲ್ತೇನೆ."

ಅಜ್ಜಿ ಚಾದ ಲೋಟ ಕೆಳಗೆ ಇಟ್ಟರು. "ನೀವು ತೋಡಿಗೆ ಇಳಿದರೆ ನಾನು ಕಾರ್ಕಳಕ್ಕೆ ಹೋಗ್ತೇನೆ."

ಕಾರ್ಕಳ ಅಜ್ಜಿಯ ತವರು. ಮದುವೆಯಾದ ಮೇಲೆ ಅಜ್ಜಿ ಈ ಮಾತು ಹೇಳಿದ್ದು ಇದೇ ಮೊದಲಂತೆ.

"ನಾನು ನಿಲ್ತೇನೆ ಸರ್, ವೆಲ್ಡಿಂಗ್ ನನ್ನದಲ್ವಾ" ಅಂದರು ವೆಲ್ಡರ್.

"ವೆಲ್ಡಿಂಗ್ ನಿನ್ನದು, ಲೆಕ್ಕ ನನ್ನದು. ಬಿದ್ದರೆ ಲೆಕ್ಕ ತಪ್ಪಿ ಬೀಳುದು" ಅಂದರು ಅಜ್ಜ. "ನಾನು ನಿಲ್ಲದಿದ್ದರೆ ಇದನ್ನು ಯಾರೂ ದಾಟುವುದು ಬೇಡ."

ಬಾಯಮ್ಮ ಒಮ್ಮೆ ಅಜ್ಜನ ಮುಖ, ಒಮ್ಮೆ ಅಜ್ಜಿಯ ಮುಖ ನೋಡಿದರು. ಪಾಪ, ಅವರಿಗೆ ಅಜ್ಜನ ಮೊಣಕಾಲೂ ಬೇಕು, ಮಗಳ ರೋಸೂ ಬೇಕು. ಆ ರಾತ್ರಿ ನಾನು ಪುಸ್ತಕ ಹಿಡಿದು ಕೂತೆ, ಪುಟ ಮಗುಚಲಿಲ್ಲ.

ತೋಡಿನಲ್ಲಿ

ಬೆಳಿಗ್ಗೆ ಅಜ್ಜ ಹಳೆಯ ಮಿಲಿಟರಿ ಟೋಪಿ ಹಾಕಿಕೊಂಡು, ಪ್ಯಾಂಟ್ ಮಡಚಿಕೊಂಡು ತೋಡಿನ ಹತ್ತಿರ ಹೋದರು. ನಾನು ಹಿಂದೆ. ಬ್ಯಾಂಡಿನವರು ಡ್ರಮ್ ಕುತ್ತಿಗೆಗೆ ಹಾಕಿ ನಿಂತಿದ್ದರು. ಅಡುಗೆಯವರು ಹಂಡೆ ಹೊತ್ತಿದ್ದರು. ಆಚೆ ದಡದಲ್ಲಿ ಬಾಯಮ್ಮ, ಅವರ ಮಗಳು, ನೆಂಟರು. ಎಲ್ಲರೂ ಕೆಳಗೆ ನೋಡ್ತಾ ಇದ್ದರು.

ನಾವೂ ನೋಡಿದೆವು.

ಸಂಕದ ಅಡಿಯಲ್ಲಿ, ಉಳಿದ ಕೆಂಪು ಕಲ್ಲಿನ ಮೇಲೆ, ಸೀರೆ ಮೊಣಕಾಲಿಗೆ ಕಟ್ಟಿ, ಕಾಲು ನೀರಿಗೆ ಬಿಟ್ಟು, ಅಜ್ಜಿ ಕೂತಿದ್ದರು.

"ಏ! ಎಂತ ಮಾಡ್ತಿ ನೀನು ಅಲ್ಲಿ?" ಅಜ್ಜ ದಡದ ತುದಿಗೇ ಬಂದರು.

"ಕಟ್ಟಿದವರು ಅಡಿಯಲ್ಲಿ ನಿಲ್ಲಬೇಕು ಅಂತ ಅಲ್ವಾ? ಇಷ್ಟು ದಿನ ಚಾ ಮಾಡಿ ಕೊಟ್ಟು ಕಟ್ಟಿಸಿದ್ದು ಯಾರು? ಚಾ ಇಲ್ಲದೆ ಒಂದು ಬೋಲ್ಟ್ ತಿರುಗಿದ್ದುಂಟಾ? ಇಬ್ಬರಿಗೆ ಇಲ್ಲಿ ಜಾಗ ಇಲ್ಲ. ನೀವು ಮೇಲೆಯೇ ಇರಿ. ಬ್ಯಾಂಡಿನವರೇ, ಬನ್ನಿ!"

"ಯಾರೂ ಬರಬೇಡಿ!" ಅಂದರು ಅಜ್ಜ.

ಟ್ಯಾಂಕಿನ ಅಡಿಯಲ್ಲಿ ನಿಂತ ನನ್ನ ಅಜ್ಜ, "ಸ್ಪ್ಯಾನರ್ ತಾ" ಅಂತ ವೆಲ್ಡರ್ ಹತ್ತಿರ ಹೇಳಿದರು. ಈಚೆ ಕಡೆಯ ಬೋಲ್ಟ್ ಎಲ್ಲ ನೋಡಿದರು. ಪುನಃ ನೋಡಿದರು. "ಸರ್, ನಿನ್ನೆಯೇ ನೀವು ಸರಿ ಉಂಟು ಅಂದಿರಲ್ಲ" ಅಂದರು ವೆಲ್ಡರ್. "ನಿನ್ನೆ ಅಡಿಯಲ್ಲಿ ನಿಲ್ಲಲಿಕ್ಕೆ ಇದ್ದದ್ದು ನಾನು ಮಾರಾಯ!" ಅಂದರು ಅಜ್ಜ.

ಅಷ್ಟರಲ್ಲಿ ವೆಲ್ಡರಿಗೆ ಎಂತ ಅನಿಸಿತೋ, "ಅಮ್ಮ ಕೂತ ಮೇಲೆ ನಾನು ಮೇಲೆ ನಿಂತರೆ ಮರ್ಯಾದೆ ಅಲ್ಲ" ಅಂತ ಹೇಳಿ ಇಳಿದರು. ಗಾರೆ ಕೆಲಸದವರು ಇಳಿದರು. ಆಚೆಯಿಂದ ಬಾಯಮ್ಮ, "ಅಕ್ಕಾ, ನನ್ನ ಮಗಳಿಗಾಗಿ ಕಟ್ಟಿದ್ದು, ನಾನೂ ಬಂದೆ" ಅಂತ ರೋಸಿನ ಹೊಸ ಸೀರೆಯಲ್ಲೇ ನೀರಿಗೆ ಇಳಿದರು. ಫೋಟೋಕ್ಕೆ ಅಂತ ಬಂದಿದ್ದ ಮೆಂಬರ್, ಎಲ್ಲರೂ ತನ್ನನ್ನೇ ನೋಡುದು ಕಂಡು, "ಮರಳು ನಾನು ಕೊಟ್ಟದ್ದಲ್ವಾ" ಅಂತ ಬಿಳಿ ಪಂಚೆ ಎತ್ತಿಕೊಂಡು ಮೆಲ್ಲ ಇಳಿದರು. ನಾನು ಕೂಡ ಇಳಿದೆ. ಅವಲಕ್ಕಿ ಬಡಿಸಿದ್ದು ನಾನೇ ಅಲ್ವಾ.

ಈಗ ಅಡಿಯಲ್ಲಿ ಜಾತ್ರೆ. ಮೇಲೆ ಅಜ್ಜ ಒಬ್ಬರೇ. ಬ್ಯಾಂಡಿನವರು ಹಿಂದೆ ಹಿಂದೆ ಸರಿದರು. "ಅಷ್ಟು ಜನರ ತಲೆ ಮೇಲೆ ನಾವು ಡ್ರಮ್ ಹೊತ್ತು ಹೋಗುದಿಲ್ಲ ಸರ್. ಮೊದಲು ನೀವು ಹೋಗಿ."

ಅಜ್ಜ ಸೇನೆಯಲ್ಲಿ ಎಷ್ಟೋ ಸೇತುವೆ ಕಟ್ಟಿದವರು. ಆದರೆ ಯಾವುದನ್ನೂ ಮೊದಲು ಮೇಲಿನಿಂದ ದಾಟಿದವರಲ್ಲ. ಟೋಪಿ ಸರಿ ಮಾಡಿಕೊಂಡರು. ಒಂದು ಕಾಲು ಇಟ್ಟರು. ಮೊಟ್ಟೆಯ ಮೇಲೆ ಇಟ್ಟ ಹಾಗೆ. ಇನ್ನೊಂದು ಇಟ್ಟರು. ಅವರ ಹಿಂದೆ ಬ್ಯಾಂಡ್, ಅದರ ಹಿಂದೆ ಹಂಡೆಗಳು. ಸಂಕ ಅಲ್ಲಾಡಲಿಲ್ಲ. ಎಲ್ಲೂ ಒಂದು ಕಿರ್ ಇಲ್ಲ. ಆಚೆ ದಡದಲ್ಲಿ ಮದುಮಗಳು ಕೈಮುಗಿದು ನಿಂತಿದ್ದಳು.

ನಡುವಿಗೆ ಬಂದು ಅಜ್ಜ ನಿಂತರು. ಸರಿಯಾಗಿ ಅಜ್ಜಿಯ ತಲೆ ಮೇಲೆ. ಕಷ್ಟದಲ್ಲಿ ಬಗ್ಗಿ, ಹಲಗೆಯ ಸಂದಿನಿಂದ ಕೇಳಿದರು, "ಇಕೊ, ಅಡಿಯಲ್ಲಿ ಎಂತಾದರೂ ಶಬ್ದ ಕೇಳ್ತಾ ಉಂಟಾ?"

ಅಜ್ಜಿ ಮೇಲೆ ನೋಡಿ ಹೇಳಿದರು, "ಕೇಳ್ತಾ ಉಂಟು. ಆದರೆ ಅದು ಸಂಕದ್ದಲ್ಲ, ನಿಮ್ಮ ಎದೆಯದ್ದು. ಬೇಗ ದಾಟಿ ಮಾರಾಯ್ರೆ, ಮೆಂಬರಿಗೆ ಏಡಿ ಕಚ್ಚಿದೆ."